ಒಂದು ಮೊಳ ಹೆಚ್ಚಿಗೆ

ಅಳತೆಗೆ ಸರಿಯಾಗಿ ಒಂದು ವಸ್ತುವನ್ನು ಕೊಂಡು ತಂದದ್ದು ನಮ್ಮ ಭಾವನವರ ಜೀವಮಾನದಲ್ಲೇ ಇಲ್ಲ. ಬಟ್ಟೆ ಒಣಗಿಸುವ ಹಗ್ಗವಾದರೆ ಗೋಡೆಯಿಂದ ಗೋಡೆಗೆ ಕಟ್ಟಿದ ಮೇಲೂ ಎರಡು ತುದಿಗಳಲ್ಲಿ ಜಡೆಯಂತೆ ಇಳಿಬಿದ್ದಿರಬೇಕು. ಬೀಗವಾದರೆ ಬೀಗದ ಕೈ ಗೊಂಚಲಾಗಿರಬೇಕು. ಮೋಡದ ಸುಳಿವಿಲ್ಲದ ದಿನವೂ ಕೈಯಲ್ಲಿ ಕೊಡೆಯಿರಬೇಕು, ಆ ಕೊಡೆಯ ಕೆಳಗೆ ಇನ್ನಿಬ್ಬರು ನಿಲ್ಲುವಷ್ಟು ಜಾಗವಿರಬೇಕು. ಯಾಕಿಷ್ಟು ಉದ್ದ, ಯಾಕಿಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸದಾ ಸಿದ್ಧ: "ಇರಲಿ, ಒಂದು ಮೊಳ ಹೆಚ್ಚಿಗೆ." ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತನ್ನು ಅವರು ಅಲ್ಲಗಳೆದವರಲ್ಲ, ಕಾಲು ಚಾಚುವುದಕ್ಕೆ ಮೊದಲೇ ಹಾಸಿಗೆಯನ್ನು ಒಂದು ಮೊಳ ಉದ್ದ ಹೊಲಿದುಕೊಂಡುಬಿಡುತ್ತಾರೆ, ಅಷ್ಟೆ.

ಹೊಲಿಯುವುದೇ ಅವರ ಕಸುಬು. ಕಿಟಕಿಯ ಪರದೆ, ಬಾಗಿಲಿನ ಪರದೆ, ಸಭಾಂಗಣದ ವೇದಿಕೆಯಲ್ಲಿ ಎರಡು ಕಡೆಯಿಂದ ಗಂಭೀರವಾಗಿ ಬಂದು ಕೂಡುವ ಮಖಮಲ್ಲಿನ ಪರದೆ, ಎಲ್ಲವೂ ಅವರ ಅಂಗಡಿಯ ಉದ್ದನೆಯ ಮೇಜಿನ ಮೇಲೆ ಮೈಚೆಲ್ಲಿ ಮಲಗಿದ್ದು, ಅಂಚು ಮಡಿಸಿಕೊಂಡು, ಉಂಗುರ ಪೋಣಿಸಿಕೊಂಡು ಹೊರಡುತ್ತವೆ. ಬಟ್ಟೆಯೆಂಬುದು ನೀರು ಕಂಡ ಮೇಲೆ ಕುಗ್ಗುತ್ತದೆ ಎಂಬ ಒಂದೇ ಸತ್ಯದ ಮೇಲೆ ಭಾವನವರ ಸಮಸ್ತ ಜೀವನದರ್ಶನ ನಿಂತಿದೆ. ಹೆಚ್ಚಾದದ್ದನ್ನು ಮಡಿಸಬಹುದು, ಕಡಿಮೆಯಾದದ್ದನ್ನು ಎಳೆದರೆ ಬರುವುದಿಲ್ಲ. ಈ ಸೂತ್ರವನ್ನು ಪರದೆಗಳಿಗಷ್ಟೇ ಮೀಸಲಿಟ್ಟಿದ್ದರೆ ಒಳ್ಳೆಯ ಕಸುಬುದಾರರೆನಿಸಿಕೊಂಡು ಸುಮ್ಮನಾಗುತ್ತಿದ್ದರು; ಅದನ್ನು ಬಸ್ಸು ಹಿಡಿಯುವ ಹೊತ್ತಿಗೆ, ನೆಂಟರಿಗೆ ಹಾಕುವ ಕುರ್ಚಿಗಳಿಗೆ, ಹಲ್ಲುನೋವಿನ ಮಾತ್ರೆಗೆ, ಕಡೆಗೆ ಬೀಳ್ಕೊಡುವ ಮಾತಿಗೂ ಅನ್ವಯಿಸಿಕೊಂಡದ್ದರಿಂದ ಬರೆಯುವುದಕ್ಕೆ ಯೋಗ್ಯರಾದರು. ಹೊರಟು ನಿಂತವರನ್ನು ಅವರು ಬಾಗಿಲಲ್ಲಿ ಒಮ್ಮೆ, ಮೆಟ್ಟಿಲಲ್ಲಿ ಒಮ್ಮೆ, ಬೀದಿಯ ತಿರುವಿನಲ್ಲಿ ಇನ್ನೊಮ್ಮೆ ಬೀಳ್ಕೊಡುತ್ತಾರೆ.

ಅವರ ಕೋಟನ್ನು ನೋಡದವರು ಅವರನ್ನು ಪೂರ್ತಿ ನೋಡಿದಂತಾಗಲಿಲ್ಲ. ಕಂದು ಬಣ್ಣದ ಉಣ್ಣೆಯ ಕೋಟು; ಸ್ವಂತ ಕೈಯಿಂದ ಹೊಲಿದದ್ದು; ತೋಳುಗಳು ಬೆರಳ ಗೆಣ್ಣುಗಳನ್ನು ದಾಟಿ ಇಳಿಯುತ್ತವೆ. ಹೊಲಿದಾಗ, ಒಗೆದರೆ ಸರಿಹೋಗುತ್ತದೆ ಎಂದಿದ್ದರು. ಆದರೆ ಉಣ್ಣೆಯನ್ನು ನೀರಿಗೆ ಹಾಕಬಾರದು ಎಂಬುದು ಅವರದೇ ಇನ್ನೊಂದು ಸೂತ್ರವಾದ್ದರಿಂದ ಆ ಕೋಟು ಈವರೆಗೆ ನೀರನ್ನೂ ಕಂಡಿಲ್ಲ, ಕುಗ್ಗಿಯೂ ಇಲ್ಲ. ಮಾತಾಡುವಾಗ ವಾಕ್ಯದ ನಡುವೆ ಅಲ್ಪವಿರಾಮ ಬರುವ ಕಡೆಯಲ್ಲೆಲ್ಲ ಅವರು ಒಂದೊಂದು ತೋಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಾರೆ, ಪೂರ್ಣವಿರಾಮಕ್ಕೆ ಎರಡೂ ಮತ್ತೆ ಕೆಳಗಿಳಿದಿರುತ್ತವೆ. ನಡಿಗೆಯಲ್ಲೂ ಇದೇ ಕಥೆ. ಹೋಗಬೇಕಾದ ಬಾಗಿಲನ್ನು ಒಂದು ಹೆಜ್ಜೆ ದಾಟಿ ಆಮೇಲೆ ಹಿಂದಕ್ಕೆ ಬಂದು ಒಳಗೆ ಹೋಗುತ್ತಾರೆ. ಮೆಟ್ಟಿಲು ಮುಗಿದ ಮೇಲೂ ಇಲ್ಲದ ಇನ್ನೊಂದು ಮೆಟ್ಟಿಲಿಗೆ ಕಾಲೆತ್ತುತ್ತಾರೆ.

ಇಂಥವರಿಗೆ ಹೆಂಡತಿಯಾಗಿ ಸಿಕ್ಕಿದವಳು ನನ್ನ ಅಕ್ಕ, ಕತ್ತರಿಯ ಸ್ವಭಾವದವಳು. ಅಂಗಡಿಯಲ್ಲಿ ಅಳೆಯುವುದು ಭಾವ, ಕತ್ತರಿಸುವುದು ಅಕ್ಕ. ಮಾತೂ ಹಾಗೆಯೇ, ಬೇರೆಯವರು ಹತ್ತು ಮಾತಿನಲ್ಲಿ ಹೇಳುವುದನ್ನು ಎರಡರಲ್ಲಿ ಹೇಳಿ ಉಳಿದ ಎಂಟನ್ನು ಚಿಂದಿಯ ಬುಟ್ಟಿಗೆ ಹಾಕುವವಳು. ಭಾವ ಅಳತೆಗೆ ಗುರುತು ಹಾಕಿಕೊಟ್ಟರೆ ಅವಳು ಆ ಗುರುತನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿ, ಗುರುತಿನಿಂದ ನಾಲ್ಕು ಬೆರಳು ಈಚೆಗೇ ಕತ್ತರಿ ಇಡುತ್ತಾಳೆ. ಪರದೆಗಳು ಕಿಟಕಿಗಳಿಗೆ ಸರಿಯಾಗಿ ಕೂರುತ್ತಿದ್ದದ್ದು ಈ ಜಗಳದ ಫಲ. ಗಿರಾಕಿಗಳಿಗೆ ಇದು ಗೊತ್ತಿರಲಿಲ್ಲ, ಅವರು ಭಾವನವರ ಕೈಯನ್ನು ಹೊಗಳುತ್ತಿದ್ದರು, ಭಾವನವರು ಸಂಕೋಚವಿಲ್ಲದೆ ಆ ಹೊಗಳಿಕೆಯನ್ನು ಒಪ್ಪಿಕೊಳ್ಳುತ್ತಿದ್ದರು.

ಒಂದು ಚಳಿಗಾಲದಲ್ಲಿ ಅಕ್ಕನಿಗೆ ಕೆಮ್ಮು ಹಿಡಿಯಿತು. ಬಿಡಲಿಲ್ಲ. ಎದೆಯ ಸ್ಕ್ಯಾನ್ ಮಾಡಿಸಿದಾಗ ಕೆಮ್ಮಿಗೆ ಸಂಬಂಧವೇ ಇಲ್ಲದ ಒಂದು ಸಣ್ಣ ಚುಕ್ಕೆ ಬಲಗಡೆಯ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಡಾಕ್ಟರು ಹೆದರಿಸುವವರಲ್ಲ, ಸುಳ್ಳು ಧೈರ್ಯ ಹೇಳುವವರೂ ಅಲ್ಲ. "ಹೊಸದಾದರೆ ಎದೆ ತೆರೆದು ತೆಗೆದುಬಿಡಬೇಕು, ತಡ ಮಾಡೋ ಹಾಗಿಲ್ಲ," ಎಂದರು. "ಹಳೇದಾಗಿದ್ದು, ಇಷ್ಟು ವರ್ಷದಲ್ಲಿ ಬೆಳೆದಿಲ್ಲ ಅಂದರೆ ಅದರ ಪಾಡಿಗೆ ಅದು ಇರಲಿ. ಮುಂಚೆ ಯಾವಾಗಲಾದರೂ ಎದೆಯ ಸ್ಕ್ಯಾನ್ ಮಾಡಿಸಿದ್ದೀರಾ?"

ಮಾಡಿಸಿದ್ದುಂಟು. ಹಲವು ವರ್ಷಗಳ ಹಿಂದೆ ಯಾರದೋ ಮನೆಯಲ್ಲಿ ಪರದೆ ತೂಗುಹಾಕುವಾಗ ಅಕ್ಕ ಸ್ಟೂಲಿನಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡಿದ್ದಳು. ಆಗ ಸ್ಕ್ಯಾನ್ ಮಾಡಿದ ಕೇಂದ್ರ ಮುಚ್ಚಿಹೋಗಿ, ಆ ಜಾಗದಲ್ಲಿ ಈಗ ಚಪ್ಪಲಿ ಅಂಗಡಿಯಿದೆ. ಆದರೆ ಆ ಕೇಂದ್ರದವರು ಚಿತ್ರವನ್ನೆಲ್ಲ ಒಂದು ಸೀಡಿಯಲ್ಲಿ ಹಾಕಿ ಕೊಟ್ಟಿದ್ದರು. ಭಾವನವರು ಅಲ್ಲಿಯೂ ಬಿಡದೆ, ಇನ್ನೊಂದು ಇರಲಿ ಎಂದು ಕಾಡಿ ಬೇಡಿ ಎರಡನೆಯ ಪ್ರತಿಯನ್ನೂ ಮಾಡಿಸಿಕೊಂಡು ಬಂದಿದ್ದರು. ಎರಡರಲ್ಲಿ ಒಂದನ್ನು ಅಕ್ಕ ಪಾರಿವಾಳ ಬೆದರಿಸುವುದಕ್ಕೆಂದು ಬಾಲ್ಕನಿಯ ಕಂಬಿಗೆ ನೇತುಹಾಕಿದ್ದಳು. ತನ್ನ ಎದೆಯ ಚಿತ್ರ ಬಿಸಿಲಿನಲ್ಲಿ ಗಿರಗಿರನೆ ತಿರುಗುತ್ತ ಹಕ್ಕಿಗಳನ್ನು ಓಡಿಸುವುದು ಅವಳಿಗೆ ಸದುಪಯೋಗವಾಗಿಯೇ ಕಂಡಿತ್ತು. ಇನ್ನೊಂದು ಭಾವನವರ ಪೆಟ್ಟಿಗೆಯಲ್ಲಿ ಮಖಮಲ್ಲಿನ ತುಂಡಿನೊಳಗೆ ಮಗುವಿನಂತೆ ಮಲಗಿತ್ತು. ಅದು ಸಿಕ್ಕ ದಿನ ಅವರು ತೋಳು ಸರಿಸಿಕೊಳ್ಳುವುದನ್ನೂ ಮರೆತು, ನೋಡಿದಿರಾ ಎಂಬಂತೆ ನಮ್ಮೆಲ್ಲರ ಮುಖ ನೋಡಿದರು. ನಾವು ಯಾರೂ ನಗಲಿಲ್ಲ.

ಈಗ ತೊಡಕು ಬಂದದ್ದು ಅದನ್ನು ಓದಿಸುವುದರಲ್ಲಿ. ಡಾಕ್ಟರ ಕಂಪ್ಯೂಟರಿನಲ್ಲಿ ಸೀಡಿ ಹಾಕುವ ತಟ್ಟೆಯೇ ಇರಲಿಲ್ಲ, ಈಗಿನವುಗಳಲ್ಲಿ ಇರುವುದಿಲ್ಲವಂತೆ. ಪರದೆಯ ವಿನ್ಯಾಸ ತೋರಿಸಲೆಂದು ಭಾವನವರ ಅಂಗಡಿಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ತಟ್ಟೆಯಿತ್ತು, ಆದರೆ ಅದು ಬಾಯಿ ಬಿಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಮುಂದಿನ ವಾರ ಡಾಕ್ಟರು ಮತ್ತೆ ನೋಡುವವರಿದ್ದರು. ಅಷ್ಟರೊಳಗೆ ಹಳೆಯ ಚಿತ್ರ ಅವರ ಕಣ್ಣಿಗೆ ಬೀಳದಿದ್ದರೆ ಅಕ್ಕನನ್ನು ಆಪರೇಷನ್ ಕೋಣೆಗೆ ಕಳಿಸುವುದೊಂದೇ ದಾರಿ.

ಭಾವನವರ ಜೊತೆ ನಾನೂ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಬಾಗಿಲನ್ನು ಒಂದು ಹೆಜ್ಜೆ ದಾಟಿ ಹಿಂದಿರುಗಿ ಒಳಗೆ ಹೋದೆವು. ಅಂಗಡಿಯಾಕೆ ಹಣೆಗೆ ಭೂತಗನ್ನಡಿ ಏರಿಸಿಕೊಂಡು ಯಾವುದೋ ಯಂತ್ರದ ಹೊಟ್ಟೆ ಬಿಚ್ಚಿ ಕುಳಿತಿದ್ದರು. ಸೀಡಿ ತನ್ನಿ, ನಾನೇ ನಕಲು ಮಾಡಿಕೊಡುತ್ತೇನೆ ಎಂದು ಸುಲಭದ ದಾರಿಯನ್ನೇ ಮೊದಲು ತೋರಿಸಿದರು. ಭಾವನವರು ಒಪ್ಪಲಿಲ್ಲ. ಗೀರು ಬಿದ್ದರೆ, ಕೈ ಜಾರಿದರೆ, ಬೇರೆಯವರ ಸೀಡಿಗಳ ಜೊತೆ ಬೆರೆತುಹೋದರೆ ಎಂದು ಒಂದರ ಹಿಂದೊಂದು ಅನುಮಾನಗಳನ್ನು ಬಿಚ್ಚಿದರು. ಆಕೆ ನಕ್ಕು, ಹಾಗಾದರೆ ಸೀಡಿ ಓದುವ ಡ್ರೈವನ್ನೇ ಕೊಳ್ಳಿ ಎಂದು ಮೂರು ಬಗೆಯವನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದರ ಹಿಂದೆ ಅಗಲವಾದ ಬೂದು ಪಟ್ಟಿಯಂಥ ತಂತಿ. ಐಡಿಇ ಎಂದು ಅದರ ಹೆಸರು, ಬಲು ಹಳೆಯ ಕಾಲದ್ದು. ಎರಡನೆಯದಕ್ಕೆ ಕಿರುಬೆರಳಿನಷ್ಟು ಅಗಲದ ತೆಳು ತಂತಿ, ಸಾಟಾ ಎಂಬುದು. ಇವೆರಡೂ ಕಂಪ್ಯೂಟರಿನ ಒಳಗೆ ಕೂರುವಂಥವು. ಮೂರನೆಯದು ಹೊರಗಿನಿಂದಲೇ ಯುಎಸ್‌ಬಿ ತೂತಿಗೆ ಚುಚ್ಚುವುದು. ಒಂದು ಪುಸ್ತಕದಷ್ಟು ದಪ್ಪ, ಒಂದು ಗೇಣುದ್ದದ ಬಾಲ.

ಭಾವನವರು ಮೊದಲು ಅಗಲ ಪಟ್ಟಿಯನ್ನು ಎತ್ತಿಕೊಂಡು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರು, ಬೆಳಕಿಗೆ ಹಿಡಿದರು, ಅಂಚನ್ನು ಸವರಿದರು. "ನೇಯ್ಗೆ ಚೆನ್ನಾಗಿದೆ," ಎಂದರು. ಆಕೆಯ ಮುಖದಲ್ಲಿ ಮೂಡಿದ ಬೆರಗನ್ನು ನಾನು ಇನ್ನೂ ಮರೆತಿಲ್ಲ. ಆಮೇಲೆ ತೆಳು ತಂತಿಯನ್ನು ಕಂಡು, ಇಷ್ಟು ಸಣ್ಣದರಲ್ಲಿ ಅಷ್ಟೊಂದು ಚಿತ್ರ ಹೇಗೆ ಹಾಯುತ್ತದೆ ಎಂದು ಶಂಕಿಸಿದರು. ನಿಮ್ಮ ಕಂಪ್ಯೂಟರಿನ ಒಳಗೆ ಯಾವ ಬಾಯಿ ಇದೆಯೋ ಅದಕ್ಕೆ ಹೊಂದುವುದನ್ನೇ ಒಯ್ಯಬೇಕು, ಅಗಲ ಎಂದು ಐಡಿಇ ಒಯ್ದರೆ ಚುಚ್ಚುವುದಕ್ಕೆ ಜಾಗವೇ ಇರುವುದಿಲ್ಲ ಎಂದು ಆಕೆ ತಾಳ್ಮೆಯಿಂದ ಹೇಳಿದರು. ಒಳಗೆ ಕೂರುವ ಸಾಟಾ ಗಟ್ಟಿ, ವಿದ್ಯುತ್ತೂ ಅದಕ್ಕೆ ಬೇರೆಯಾಗಿ ಸಿಗುತ್ತದೆ. ಹೊರಗಿನದು ಸಲೀಸು, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಎಲ್ಲಿಗೆ ಬೇಕಾದರೂ ಎಂಬ ಮಾತು ಕಿವಿಗೆ ಬಿದ್ದದ್ದೇ ಭಾವನವರ ತೀರ್ಮಾನ ಮುಗಿಯಿತು. ಡಾಕ್ಟರ ಮೇಜಿಗೂ ಒಯ್ಯಬಹುದಲ್ಲ! ಒಂದಕ್ಕೆ ಎರಡು ಉಪಯೋಗ. ಆಕೆ ಡಬ್ಬಿ ಕಟ್ಟಿಕೊಡುತ್ತ, ಕಂಪ್ಯೂಟರಿನ ಹಿಂದುಗಡೆಗೆ ನೇರವಾಗಿ ಚುಚ್ಚಿ ಎಂದರು. ಭಾವನವರು ಚುಚ್ಚುವುದನ್ನು ಕೇಳಿಸಿಕೊಂಡರು, ನೇರವಾಗಿ ಎಂಬುದು ಅವರ ಸ್ವಭಾವಕ್ಕೆ ಹೊಂದದ ಮಾತಾದ್ದರಿಂದ ಕಿವಿಯ ಹೊರಗೇ ಉಳಿಯಿತು.

ಮಾರನೆಯ ದಿನ ನಾನು ಹೋಗುವುದರೊಳಗೆ ಆಗಬಾರದ್ದು ಆಗಿತ್ತು. ಗೇಣುದ್ದದ ಬಾಲವನ್ನು ಕಂಡರೆ ಅವರಿಗೆ ಹೇಗೆ ಸಮಾಧಾನವಾದೀತು? ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿ; ಹೊಲಿಗೆ ಯಂತ್ರದ ಅದುರು ತಾಕದ ಹಾಗೆ ಡ್ರೈವು ಕಿಟಕಿಯ ಪಕ್ಕದ ಕಪಾಟಿನ ಮೇಲೆ ಇರಬೇಕು ಎಂದು ಲೆಕ್ಕ ಹಾಕಿ, ಬೇರೆ ಅಂಗಡಿಯಿಂದ ಬಾಲವನ್ನು ಉದ್ದ ಮಾಡುವ ಎರಡು ಜೋಡುತಂತಿಗಳನ್ನು ತಂದು, ಒಂದರ ತುದಿಗೆ ಇನ್ನೊಂದನ್ನು ಸೇರಿಸಿ, ಕೋಣೆಯ ಸುತ್ತ ಹನುಮಂತನ ಬಾಲದಂತೆ ಸುತ್ತಿದ್ದರು. ಸೀಡಿ ಹಾಕಿದರೆ ಡ್ರೈವು ಗುರ್ ಎಂದು ಎದ್ದಿತು, ಟಿಕ್ ಎಂದಿತು, ಮಲಗಿತು. ಮತ್ತೆ ಎದ್ದಿತು, ಮತ್ತೆ ಮಲಗಿತು. ಒಂದು ಸಲ ಅಕ್ಕನ ಹೆಸರು ಕಣ್ಣಿಗೆ ಬಿದ್ದಂತಾಗಿ ಅಳಿಸಿಹೋಯಿತು. ಈ ಡಿಸ್ಕನ್ನು ಓದಲಾಗುತ್ತಿಲ್ಲ ಎಂಬ ಸೂಚನೆ ಬಂತು. ಕನ್ನಡಕ ಒರೆಸುವ ಬಟ್ಟೆಯಿಂದ ಸೀಡಿಯನ್ನು ಒರೆಸಿದರು, ಉಸಿರು ಊದಿದರು, ಬಾಲ್ಕನಿಗೆ ಹೋಗಿ ಪಾರಿವಾಳದ ಸೀಡಿಯನ್ನೂ ಬಿಚ್ಚಿ ತಂದು, ಸೋಪು ಹಾಕಿ ತೊಳೆದು, ಒಣಗಿಸಿ, ಅದನ್ನೂ ಹಾಕಿದರು. ಅದೂ ಟಿಕ್ ಎಂದು ಮಲಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ತಪ್ಪೆಲ್ಲವನ್ನೂ ಸೀಡಿಗಳ ತಲೆಗೆ ಕಟ್ಟಿ, ವರ್ಷಗಟ್ಟಲೆ ಇಟ್ಟು ಎರಡೂ ಒಳಗೊಳಗೇ ಕೆಟ್ಟಿವೆ ಎಂದು ತೀರ್ಮಾನಿಸಿದರು.

ಅವರು ನನ್ನ ಮನೆಗೇ ನಡೆದುಕೊಂಡು ಬಂದರು. ಕೂರಲಿಲ್ಲ. ತೋಳುಗಳು ಬೆರಳ ತುದಿಯವರೆಗೂ ಇಳಿದಿದ್ದವು, ಸರಿಸಿಕೊಳ್ಳಲಿಲ್ಲ.

"ಎರಡೂ ಹೋಗಿವೆ ಕಣಯ್ಯ," ಎಂದರು.

ಅದಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಅವರನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಅಳತೆಗೆ ಸರಿಯಾಗಿ ಅವರು ಆಡಿದ ಮಾತು ಅದೊಂದೇ ಇರಬೇಕು. ಅಕ್ಕನಿಗೆ ಇನ್ನೂ ಹೇಳಿರಲಿಲ್ಲ. ಹೇಳುವ ಮೊದಲು ರಿಪೇರಿ ಅಂಗಡಿಯಾಕೆಗೆ ಒಮ್ಮೆ ತೋರಿಸೋಣ, ಸೀಡಿಗಳನ್ನು ತರೋಣ ನಡೆಯಿರಿ ಎಂದು ನಾನೇ ಅವರನ್ನು ಹೊರಡಿಸಿದೆ. ದಾರಿಯಲ್ಲಿ ಅವರು ಬೀದಿಯ ತಿರುವುಗಳನ್ನು ದಾಟಿ ಹೋಗಲಿಲ್ಲ, ಹಿಂದಿರುಗಿ ಬರಲೂ ಇಲ್ಲ, ಎಲ್ಲರಂತೆ ನಡೆದರು.

ಪರದೆಯ ಅಂಗಡಿಗೆ ಬಂದರೆ ಅಕ್ಕ ಮೇಜಿನ ಕೆಳಗಿನಿಂದ ಏಳುತ್ತಿದ್ದಳು, ಕೂದಲಿಗೆ ದಾರದ ಚೂರು ಅಂಟಿಕೊಂಡಿತ್ತು. ಬಟ್ಟೆಯ ಸುರುಳಿ ಹೊತ್ತು ಬರುವಾಗ ಆ ತಂತಿಗೆ ಕಾಲು ತೊಡರಿ ಮುಗ್ಗರಿಸಿದ್ದಳಂತೆ. ನಡೆಯುವ ದಾರಿಯಲ್ಲಿ ಇದೇನು ಎಂದು ಸಿಟ್ಟು ಬಂದು, ಎರಡು ಜೋಡುತಂತಿಗಳನ್ನೂ ಕಿತ್ತು ಸುತ್ತಿ ಚಿಂದಿಯ ಬುಟ್ಟಿಗೆ ಎಸೆದು, ಡ್ರೈವನ್ನು ಅದರದೇ ಗೇಣುದ್ದದ ಬಾಲದಿಂದ ಪೆಟ್ಟಿಗೆಯ ಹಿಂದಕ್ಕೆ ಚುಚ್ಚಿ ಪೆಟ್ಟಿಗೆಯ ನೆತ್ತಿಯ ಮೇಲೇ ಕೂರಿಸಿದ್ದಳು. ಕೋಣೆ ಚೊಕ್ಕಟವಾಗಲಿ ಎಂಬುದನ್ನು ಬಿಟ್ಟರೆ ಅವಳಿಗೆ ಬೇರೆ ಉದ್ದೇಶವೇ ಇರಲಿಲ್ಲ. ಒಳಗೆ ಉಳಿದಿದ್ದದ್ದು ಪಾರಿವಾಳದ ಸೀಡಿ.

ಡ್ರೈವು ಗುರ್ ಎಂದಿತು. ಟಿಕ್ ಎನ್ನಲಿಲ್ಲ. ಗುರ್ ಎನ್ನುತ್ತಲೇ ಇತ್ತು. ಅದರ ಸ್ವರ ಏರಿ, ನೆಲೆಗೆ ನಿಂತು, ನೂಲುವ ರಾಟೆಯಂತೆ ಒಂದೇ ಸಮನಾಯಿತು. ತೆರೆಯ ಮೇಲೆ ಅಕ್ಕನ ಹೆಸರು ಮೂಡಿತು, ಈ ಸಲ ಅಳಿಸಲಿಲ್ಲ. ಅದರ ಕೆಳಗೆ ಬೂದು ಬಣ್ಣದ ಒಂದು ಚಿತ್ರ, ಅದರ ಹಿಂದೆ ಇನ್ನೊಂದು. ನಮಗೆ ಯಾರಿಗೂ ಅದರ ತಲೆಬುಡ ತಿಳಿಯಲಿಲ್ಲ. ಮೋಡ ಕವಿದ ಆಕಾಶವನ್ನು ತುಂಡು ತುಂಡಾಗಿ ಕತ್ತರಿಸಿ ಇಟ್ಟಂತಿತ್ತು. ಭಾವನವರು ಮೇಜನ್ನು ಹಿಡಿದುಕೊಂಡು ಕೂತರು. ಹೋದ ಜೀವ ಬಂದಂತಾಯಿತು ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅದು ಬರುವುದನ್ನು ನಾನು ಕಣ್ಣಾರೆ ಕಂಡದ್ದು ಅಂದು.

ಅಕ್ಕ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬೆಳಗಿನಿಂದ ಏನನ್ನು ಬಚ್ಚಿಡಲಾಗಿತ್ತೆಂಬುದು ಅವಳಿಗೆ ಗೊತ್ತಾಗಿತ್ತು.

"ಓದೋಕೆ ಬರ್ತಿರಲಿಲ್ಲ ಅಂತ ನನಗೆ ಯಾಕ್ರೀ ಹೇಳಲಿಲ್ಲ?"

"ನಾಳೆ ಹೇಳೋಣ ಅಂತಿದ್ದೆ," ಎಂದರು ಭಾವ.

ಅದರಲ್ಲೂ ಒಂದು ದಿನ ಹೆಚ್ಚಿಗೆ! ಅಕ್ಕ ನಕ್ಕಳು. ನಗುತ್ತ ನಗುತ್ತ ಕೆಮ್ಮಿದಳು, ಕೆಮ್ಮುತ್ತ ಕಣ್ಣೊರೆಸಿಕೊಂಡಳು. ಆಮೇಲೆ ಮಖಮಲ್ಲಿನಲ್ಲಿದ್ದ ಸೀಡಿಯನ್ನು ಹಾಕಿದರೆ ಅದೂ ಸರಾಗವಾಗಿ ಓಡಿತು. ತಂತಿ ಉದ್ದವಾದಷ್ಟೂ ಡ್ರೈವಿಗೆ ತಲುಪುವ ವಿದ್ಯುತ್ತು ಸೊರಗುತ್ತದೆ, ತಿರುಗಲು ಶಕ್ತಿ ಸಾಲದೆ ಅದು ನಿಂತುಬಿಡುತ್ತದೆ ಎಂದು ರಿಪೇರಿ ಅಂಗಡಿಯಾಕೆ ಮುಂದೊಂದು ದಿನ ವಿವರಿಸಿದರು. ಹಸಿದಿದ್ದದ್ದು ಡ್ರೈವು, ನಾವು ಅತ್ತದ್ದು ಸೀಡಿಗಾಗಿ.

ಡಾಕ್ಟರ ಬಳಿಗೆ ಹೋಗುವ ದಿನ ಭಾವನವರು ಡ್ರೈವನ್ನು ಕೋಟಿನ ಒಂದು ಜೇಬಿನಲ್ಲಿ, ಸೀಡಿಗಳನ್ನು ಇನ್ನೊಂದರಲ್ಲಿ ಇಟ್ಟುಕೊಂಡು, ಎರಡು ಕೈಗಳನ್ನೂ ಆ ಜೇಬುಗಳ ಮೇಲೆ ಒತ್ತಿಹಿಡಿದುಕೊಂಡೇ ನಡೆದರು. ಅಕ್ಕ ಕುರ್ಚಿಯಲ್ಲಿ ಕೂತಳು. ಡಾಕ್ಟರ ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗಿತ್ತು, ಅದರ ತೂತು ಅತ್ತ ಕಡೆಯ ಬದಿಯಲ್ಲಿತ್ತು, ಗೇಣುದ್ದದ ಬಾಲ ಅಲ್ಲಿಂದ ಮೇಜಿನ ಮೇಲಕ್ಕೆ ಬರುತ್ತಿರಲಿಲ್ಲ. ಡಾಕ್ಟರು ಸೌಜನ್ಯದಿಂದ, ಉದ್ದದ ವೈರು ಇರಬೇಕು, ತರಿಸುತ್ತೇನೆ ಎಂದು ಗಂಟೆಯ ಕಡೆಗೆ ಕೈ ಚಾಚಿದರು.

"ಬೇಡಿ," ಎಂದರು ಭಾವನವರು. "ನಾನೇ ಹತ್ತಿರ ಕೂರ್ತೀನಿ. ಕೈಯಲ್ಲಿ ಹಿಡ್ಕೋತೀನಿ."

ಹಾಗೆಂದು ಮೇಜಿನ ಬದಿಗೆ ಹೋಗಿ ನೆಲಕ್ಕೆ ಮಂಡಿಯೂರಿ, ಡ್ರೈವನ್ನು ಎರಡು ಅಂಗೈಗಳ ಮೇಲೆ ಅಡ್ಡಡ್ಡಲಾಗಿ ಇಟ್ಟುಕೊಂಡು, ಅಲುಗದಂತೆ ಉಸಿರು ಹಿಡಿದು ಕೂತರು. ಕೋಟಿನ ಉದ್ದನೆಯ ತೋಳುಗಳು ಅಂಗೈಯಡಿಗೆ ಮೆತ್ತೆಯಂತೆ ಮಡಿಸಿಕೊಂಡವು. ಸೀಡಿ ತಿರುಗಿತು. ಹಳೆಯ ಆಕಾಶವನ್ನೂ ಹೊಸ ಆಕಾಶವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಡಾಕ್ಟರು ಬಹಳ ಹೊತ್ತು ನೋಡಿದರು, ಅಳೆದರು, ಇನ್ನೊಮ್ಮೆ ಅಳೆದರು. ಅಳತೆಯ ಮೇಲೆ ಬದುಕಿದ ನಮ್ಮ ಭಾವನವರು ಯಾರದೋ ಅಳತೆಗೆ ಅಷ್ಟು ಹೆದರಿಕೊಂಡು ಕಾದದ್ದನ್ನು ನಾನು ನೋಡಿರಲಿಲ್ಲ.

"ಆಗಲೂ ಇದೆ," ಎಂದರು ಡಾಕ್ಟರು. "ಇದೇ ಜಾಗ, ಇಷ್ಟೇ ಗಾತ್ರ. ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ. ಏನೂ ಮಾಡೋದು ಬೇಡಮ್ಮ, ಕೆಮ್ಮಿಗೆ ಔಷಧಿ ಕೊಡ್ತೀನಿ."

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು. ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು. ಭಾವನವರು ಮಾತ್ರ ಏಳಲಿಲ್ಲ. ಸೀಡಿ ನಿಂತು, ಡಾಕ್ಟರು ತಂತಿ ಕಿತ್ತ ಮೇಲೂ ಡ್ರೈವನ್ನು ಹಾಗೆಯೇ ಹಿಡಿದುಕೊಂಡಿದ್ದರು. ಮಂಡಿ ಮರಗಟ್ಟಿ, ನಾನೂ ಅಕ್ಕನೂ ಎರಡು ಕಡೆಯಿಂದ ತೋಳು ಹಿಡಿದು ಎಬ್ಬಿಸಬೇಕಾಯಿತು. ಹೊರಗೆ ಬಂದು ಬೀದಿಯ ತಿರುವನ್ನು ಅವರು ಒಂದು ಹೆಜ್ಜೆ ದಾಟಿ, ಮತ್ತೆ ಹಿಂದಕ್ಕೆ ಬಂದಾಗ, ಇನ್ನು ಎಲ್ಲವೂ ಸರಿಯಾಯಿತು ಎಂದು ನನಗೆ ಖಾತ್ರಿಯಾಯಿತು.

ಕೆಲವು ದಿನಗಳ ಮೇಲೆ ಭಾವನವರು ಕೋಟನ್ನು ಬಿಚ್ಚಿ ಅಕ್ಕನ ಮೇಜಿನ ಮೇಲಿಟ್ಟರಂತೆ. ಉದ್ದ ಅನಾಹುತಕ್ಕೆ ದಾರಿ ಎಂದು ಬುದ್ಧಿ ಬಂದಿದೆ, ತೋಳು ಕತ್ತರಿಸಿ ಸರಿಮಾಡು ಎಂದರಂತೆ. ಅಕ್ಕ ಕತ್ತರಿಯನ್ನು ಕೈಗೆತ್ತಿಕೊಂಡಳು, ತೋಳನ್ನು ಬಿಡಿಸಿ ಹಾಸಿದಳು, ಗುರುತನ್ನೂ ಹಾಕಿದಳು. ಆಮೇಲೆ ಕತ್ತರಿ ಕೆಳಗಿಟ್ಟು ಕೋಟನ್ನು ಮಡಿಸಿ ಹಿಂದಕ್ಕೆ ಕೊಟ್ಟಳು.

"ಇರಲಿ ಬಿಡಿ," ಎಂದಳಂತೆ, "ಒಂದು ಮೊಳ ಹೆಚ್ಚಿಗೆ."

ಇಂಥ ಜನ ಎಲ್ಲ ಕಡೆಯೂ ಇದ್ದಾರೆ. ಒಂದು ಗಂಟೆ ಮೊದಲೇ ಬಂದು ನಿಲ್ದಾಣದಲ್ಲಿ ಕೂರುವವರು, ಎರಡು ಸಲ ಬೀಗ ಎಳೆದು ನೋಡುವವರು, ಬೇಡವೆಂದರೂ ಇನ್ನೊಂದು ಪ್ರತಿ ಮಾಡಿಸುವವರು. ಅವರನ್ನು ಕಂಡು ನಾವು ನಗುತ್ತೇವೆ, ನಗುವುದಕ್ಕೆ ಕಾರಣವನ್ನೂ ಅವರು ಧಾರಾಳವಾಗಿ ಒದಗಿಸುತ್ತಾರೆ. ಅವರ ಹೆಚ್ಚುವರಿ ಕೆಲವೊಮ್ಮೆ ನಮ್ಮ ಕಾಲಿಗೇ ತೊಡರುತ್ತದೆ. ಲೋಭಿ ಕೂಡಿಟ್ಟದ್ದು ಅವನ ಪೆಟ್ಟಿಗೆಯನ್ನು ಸೇರಿದರೆ, ಇವರು ಉಳಿಸಿದ್ದು ಪರದೆಯ ಅಂಚಿನಲ್ಲಿ ಸದ್ದಿಲ್ಲದೆ ಮಡಿಸಿಕೊಂಡಿದ್ದು, ಯಾರದೋ ಬದುಕು ಕುಗ್ಗಿದ ದಿನ ಬಿಚ್ಚಿಕೊಳ್ಳುತ್ತದೆ. ಅದು ಭಯದ ಅಳತೆ ಎಂದು ಕೆಲವರು ಹೇಳುತ್ತಾರೆ. ಹೌದು, ಭಯವೇ. ಯಾರನ್ನೂ ಹಚ್ಚಿಕೊಳ್ಳದವರಿಗೆ ಆ ಭಯವಿಲ್ಲ. ಅವರ ಅಳತೆ ಯಾವತ್ತೂ ಸರಿಯಾಗಿಯೇ ಇರುತ್ತದೆ.